ಎರಡು ಉಸಿರಿನ ಹಾಳೆ

ಚಿಲಿಯ ಹುವಾಸ್ಕೊ ಕಣಿವೆಯಲ್ಲಿ ಜನವರಿ ಎಂದರೆ ಸುಗ್ಗಿ.
ತಗಡಿನ ಶೆಡ್ಡು, ರಾತ್ರಿ ಪಾಳಿ. ಬೆಲ್ಟಿನ ಮೇಲೆ
ತೇಲಿ ಬರುವ ಪೆಟ್ಟಿಗೆಯಲ್ಲಿ ಎಂಟು ಕಿಲೊ ದ್ರಾಕ್ಷಿ,
ಅದರ ಮೇಲೊಂದು ಹಾಳೆ.
ಹಾಳೆ ಹೊದಿಸುವುದು, ಅಷ್ಟೇ ನನ್ನ ಕೆಲಸ.
ಮೂವತ್ತೊಂದು ಸುಗ್ಗಿಯಿಂದ ಹೊದಿಸುತ್ತಿದ್ದೇನೆ;
ಹೆತ್ತ ಮಕ್ಕಳಿಗೂ ಇಷ್ಟು ಸಲ
ಹೊದಿಕೆ ಎಳೆದಿಲ್ಲ.

ಹಾಳೆಯೊಳಗೆ ಪುಟ್ಟ ಪುಟ್ಟ ಕೋಣೆ,
ಕೋಣೆಯಲ್ಲಿ ಉಪ್ಪಿನಂಥ ಪುಡಿ.
ಹಣ್ಣು ಬೆವರುತ್ತದೆ, ಬೆವರು ಪುಡಿಯನ್ನು ಮುಟ್ಟುತ್ತದೆ,
ಪುಡಿ ಎಚ್ಚೆತ್ತು ಗಂಧಕದ ಉಸಿರು ಬಿಡುತ್ತದೆ.
ಮೊದಲ ಉಸಿರು ಅವಸರದ್ದು:
ಸಿಪ್ಪೆಯ ಮೇಲೆ ಟಿಕೆಟ್ಟಿಲ್ಲದೆ ಕೂತು ಬಂದ
ಬೂದು ಬೂಷ್ಟನ್ನು ಎರಡೇ ದಿನದಲ್ಲಿ ಇಳಿಸಿಬಿಡುತ್ತದೆ.
ಎರಡನೆಯದು ಸಾವಧಾನದ್ದು:
ಸಮುದ್ರದ ಮೇಲೆ ನಲವತ್ತು ದಿನ,
ಕಾವಲುಗಾರನ ಸಿಗರೇಟಿನಂತೆ
ಆರದೆ, ಉರಿಯದೆ.

ಒಂದು ಹಣ್ಣಿನ ಮೈಮೇಲೆ ಹುಟ್ಟಿದ ನವಿರು ರೋಮ
ಪಕ್ಕದ ಹಣ್ಣಿಗೆ ಕೈ ಚಾಚುವುದನ್ನು ನಾನು ಕಂಡಿದ್ದೇನೆ,
ಥೇಟ್ ಕೆಟ್ಟ ಸುದ್ದಿಯ ಹಾಗೆ,
ಬಾಗಿಲು ಹಾಕಿದ್ದರೂ.

ಅಜ್ಜನಿಗೆ ಹಾಳೆ ಇರಲಿಲ್ಲ.
ಪಹರೆತೆ ವೈನಿನ ಖಾಲಿ ಪೀಪಾಯಿಯೊಳಕ್ಕೆ
ಗಂಧಕದ ಬತ್ತಿ ಹಚ್ಚಿ, ತಂತಿಯಲ್ಲಿ ಇಳಿಬಿಟ್ಟು,
ಬಿರಡೆ ಬಡಿದು, ಕಣ್ಣು ಮುಚ್ಚಿ ಕೂರುತ್ತಿದ್ದ.
"ಎಷ್ಟು ಹೊತ್ತು ಅಜ್ಜಾ?"
"ಮೂಗು ಹೇಳುವಷ್ಟು."
ಲೆಕ್ಕ ಬಲ್ಲವರು ಆಮೇಲೆ ಬಂದರು, ಬಿಳಿ ಕೋಟು ತೊಟ್ಟು,
ತಮ್ಮ ಮೂಗನ್ನು ಒಂದು ಯಂತ್ರಕ್ಕೆ ಒಪ್ಪಿಸಿ.
ಅವರೂ ಕೊನೆಗೆ ಹೇಳಿದ್ದು ಅದೇ: ಹದ.

ಯಾಸ್ನಾ ಬಂದದ್ದು ಹೋದ ವರ್ಷ.
ಹತ್ತೊಂಬತ್ತರ ಹುಡುಗಿ, ಎಲ್ಲಕ್ಕೂ ಹೆದರುವವಳು.
ಪಾಪ, ಅಷ್ಟು ದೂರ ಹೋಗುವ ಹಣ್ಣಲ್ಲವೆ ಎಂದು
ಒಂದರ ಜಾಗದಲ್ಲಿ ಎರಡೆರಡು ಹಾಳೆ ಇಟ್ಟಳು,
ಇಡೀ ಪ್ಯಾಲೆಟ್ಟಿಗೆ.

ರಾಟರ್‌ಡ್ಯಾಮಿನಿಂದ ಫೋಟೊ ಬಂತು.
ಬೂಷ್ಟಿಲ್ಲ. ಕೊಳೆತಿಲ್ಲ.
ತೊಟ್ಟಿನ ಸುತ್ತ ಬಣ್ಣವೇ ಇಲ್ಲ.
ಬಟ್ಟೆ ಒಗೆದು ಒಗೆದು ಬಿಳಿಚಿದ
ಬೆರಳ ತುದಿಗಳ ಹಾಗೆ ಕೆಂಪು ದ್ರಾಕ್ಷಿ.

ಮೇಸ್ತ್ರಿ ದೊನ್ ಎವರಿಸ್ತೊ
ಫೋಟೊ ಗೋಡೆಗೆ ಅಂಟಿಸಿ ಕೇಳಿದ: "ಯಾರ ಕೈ ಇದು?"
ಪೆಟ್ಟಿಗೆಯ ಮೇಲಿದ್ದದ್ದು ನಲವತ್ತೇಳು, ನನ್ನ ಮುದ್ರೆ;
ಹುಡುಗಿಗಿನ್ನೂ ಮುದ್ರೆ ಕೊಟ್ಟಿರಲಿಲ್ಲ.
"ನನ್ನದೇ" ಎಂದೆ.
ಮೂರು ದಿನದ ಕೂಲಿ ಹೋಯಿತು.
ಸುಳ್ಳೇನು ಹೇಳಿದೆ?
ಹದ ಕಲಿಸದ ಕೈ ನನ್ನದೇ.

ಅವಳು ಅತ್ತಳು. ಅಳಲಿ ಎಂದು ಬಿಟ್ಟೆ,
ಅದಕ್ಕೂ ಒಂದಿಷ್ಟು ಹೊತ್ತು ಬೇಕು.
ಆಮೇಲೆ ಹೇಳಿದೆ:
ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ.
ಇದು ಮೊದಲೇ ವಿಷ, ಮಗಳೇ.
ಹದದಲ್ಲಿದ್ದಷ್ಟು ಹೊತ್ತು ಮಾತ್ರ ಅಮೃತ.
ಕೊಲ್ಲಬೇಕಾದದ್ದು
ಹಣ್ಣಿಗಿಂತ ಬಹಳ ಚಿಕ್ಕದು, ಮರೆಯಬೇಡ.

ಹಿಮ ಬಿದ್ದ ಯಾವುದೋ ಊರಲ್ಲಿ
ಯಾರೋ ಪೆಟ್ಟಿಗೆ ತೆರೆಯುತ್ತಾರೆ.
ಒಂದು ಕ್ಷಣ, ಆರಿದ ಬೆಂಕಿಕಡ್ಡಿಯ ವಾಸನೆ,
ಇದೀಗ ತಾನೇ ಯಾರೋ ಇಲ್ಲಿ
ದೀಪ ಹಚ್ಚಿಟ್ಟು ಎದ್ದುಹೋದಂತೆ.
ಅದು ನಾನು.
ಗುರುತು ಸಿಗುವ ಮೊದಲೇ ಕಿಟಕಿ ತೆಗೆದಿರುತ್ತಾರೆ.

ಪಾಳಿ ಮುಗಿದಾಗ
ಬೆಲ್ಟಿನ ಕೆಳಗೆ ಉದುರಿದವು, ಒಡೆದವು,
ಅಳತೆಯ ಬಳೆಗೆ ಒಗ್ಗದವು,
ಎಲ್ಲ ಬಳಿದು ಏಪ್ರನ್ನಿನಲ್ಲಿ ತುಂಬಿ ತರುತ್ತಾಳೆ ಯಾಸ್ನಾ.
ಇನ್ನೂ ಕಪ್ಪಾಗಿರುವ ಬೋಳು ಬೆಟ್ಟದ ಬುಡದಲ್ಲಿ
ಬಸ್ಸಿಗೆ ಕಾಯುತ್ತ ನಿಲ್ಲುತ್ತೇವೆ.
ಇವಕ್ಕೆ ಹಾಳೆಯಿಲ್ಲ, ಮುದ್ರೆಯಿಲ್ಲ,
ನಾಳೆಯ ಮುಖ ಕಾಣುವ ಹಣ್ಣಲ್ಲ ಇವು.
ನಾನೇನೋ ಹೇಳಹೊರಟರೆ
ಮಾತು ಆಮೇಲೆ ಎಂದು ಸನ್ನೆ ಮಾಡುತ್ತಾಳೆ,
ಬಾಯಿ ತುಂಬ ರಸ, ಗಲ್ಲದ ಮೇಲೂ;
ತಿರುವಿನಲ್ಲಿ ಬಸ್ಸಿನ ದೀಪ ಕಂಡಿದೆ,
ಅಷ್ಟರೊಳಗೆ ಮುಗಿಸಬೇಕು.